ಅರ್ಧ ಡೇರೆ, ಅರ್ಧ ಗಾಡಿ

ಪಾಪ್-ಅಪ್ ಕ್ಯಾಂಪರ್‌ಗಳಿಗೆಂದೇ ಮೀಸಲಾಗಿದ್ದ ಒಂದು ಸಣ್ಣ ಅಮೆರಿಕನ್ ಪತ್ರಿಕೆ, ಇನ್ನು ಮೇಲೆ ಬೇರೆ ಬಗೆಯ ಪುಟ್ಟ ಟ್ರೇಲರ್‌ಗಳಿಗೂ ಜಾಗ ಕೊಡುತ್ತೇವೆ ಎಂದು ಬರೆದಾಗ ನಮ್ಮ ಕ್ಯಾಂಪಿಂಗ್ ಬಳಗದಲ್ಲಿ ಗುಲ್ಲೋ ಗುಲ್ಲು. ಚಂದಾ ನಿಲ್ಲಿಸಿದವರುಂಟು. ಇದ್ದೊಂದು ಪತ್ರಿಕೆಯೂ ಕೈತಪ್ಪಿತಲ್ಲ ಎಂದು ಕೊರಗಿದವರುಂಟು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅರ್ಥವಾಗದ್ದು, ಬದಲಾವಣೆಯನ್ನು ಮೆಚ್ಚಿದವರು ಕೊಟ್ಟ ಕಾರಣ. ಪುಟ್ಟ ಟ್ರೇಲರ್ ಈಗಷ್ಟೇ ಎದ್ದ ಅಲೆಯಂತೆ. ವ್ಯಾನಿನಲ್ಲೇ ಬದುಕುವ ಹುಡುಗರ ಫೋಟೊ ನೋಡಿ ಜನ ಮರುಳಾಗಿದ್ದಾರಂತೆ. ಪತ್ರಿಕೆಯೂ ಕಾಲಕ್ಕೆ ತಕ್ಕಂತೆ ಹೆಜ್ಜೆ ಹಾಕುತ್ತಿದೆಯಂತೆ. ಮೂವತ್ತು ವರ್ಷ ಮಿಷಿಗನ್‌ನ ರಸ್ತೆಗಳಲ್ಲಿ ಇಂಥದೊಂದು ಪೆಟ್ಟಿಗೆಯನ್ನು ಎಳೆದುಕೊಂಡು ತಿರುಗಿದವನು ಇದನ್ನು ಕೇಳಿ ಸುಮ್ಮನಿರುವುದು ಹೇಗೆ?

ಪಾಪ್-ಅಪ್ ನೋಡದವರಿಗೆ ಎರಡು ಮಾತು. ಎರಡು ಚಕ್ರದ ಮೇಲೆ ಸೊಂಟದೆತ್ತರದ ಒಂದು ಪೆಟ್ಟಿಗೆ. ಕ್ಯಾಂಪ್‌ಗ್ರೌಂಡಿಗೆ ಹೋಗಿ ಕಾರಿನಿಂದ ಬಿಡಿಸಿ, ಮುಂದಿರುವ ಹಿಡಿಕೆ ತಿರುಗಿಸುತ್ತಾ ಹೋದರೆ ಒಳಗಿನ ಕೇಬಲ್ ಬಿಗಿದು, ನಾಲ್ಕು ಮೂಲೆಯ ಕಂಬಗಳು ಉದ್ದವಾಗಿ ಛಾವಣಿ ಮೇಲೇಳುತ್ತದೆ. ಹಿಂದೆ ಮುಂದೆ ಮೇಜಿನ ಖಾನೆ ಎಳೆದ ಹಾಗೆ ಎರಡು ಹಾಸಿಗೆ ಹೊರಬರುತ್ತವೆ. ಸುತ್ತಲಿನ ಗೋಡೆಯೆಂದರೆ ಬಟ್ಟೆ. ಮೊದಲ ಬಾರಿ ಅಂಗಳದಲ್ಲಿ ತಂದು ನಿಲ್ಲಿಸಿದಾಗ ನನ್ನ ಹೆಂಡತಿ ಕೇಳಿದ್ದು, “ಅಲ್ರೀ, ಪೆಟ್ಟಿಗೆ ಅಂಗಡಿ ಇಡ್ತೀರಾ ಏನು?”

ಹಳೆಯದನ್ನು ಬೇಗ ಮುಗಿಸುತ್ತೇನೆ, ಅದರ ಬಗ್ಗೆ ಬರೆದವರು ಬೇಕಾದಷ್ಟು ಜನರಿದ್ದಾರೆ. 1869ರಲ್ಲಿ ಪಾದ್ರಿ ವಿಲಿಯಂ ಮರ್ರೆ ಅಡಿರಾಂಡಾಕ್ ಕಾಡುಗಳ ಬಗ್ಗೆ ಪುಸ್ತಕ ಬರೆದು ಪೇಟೆಯ ಜನರನ್ನು ದಂಡು ದಂಡಾಗಿ ಸೊಳ್ಳೆಗಳಿಗೆ ಒಪ್ಪಿಸಿದ. ಹಾಗೆ ಹೋಗಿ ಬಂದವರಿಗೆ ‘ಮರ್ರೆಯ ಮುಠ್ಠಾಳರು’ ಎಂದೇ ಹೆಸರಾಯಿತು. 1873ರಲ್ಲಿ ‘ಫಾರೆಸ್ಟ್ ಅಂಡ್ ಸ್ಟ್ರೀಮ್’ ಪತ್ರಿಕೆ ಹುಟ್ಟಿತು. ‘ನೆಸ್ಮಕ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಜಾರ್ಜ್ ಸಿಯರ್ಸ್ 1884ರಲ್ಲಿ, ಹೊರೆಯಿಳಿಸಿಕೊಂಡು ಕಾಡಿಗೆ ಹೋಗುವುದನ್ನು ಕಲಿಸಿದ. 1906ರಲ್ಲಿ ಹೊರೇಸ್ ಕೆಫಾರ್ಟ್, 1908ರಲ್ಲಿ ಇಂಗ್ಲೆಂಡಿನ ದರ್ಜಿ ಥಾಮಸ್ ಹೋಲ್ಡಿಂಗ್ ತಮ್ಮ ತಮ್ಮ ಕೈಪಿಡಿ ತಂದರು. ಇವರ ಬರಹಗಳೆಲ್ಲ ಸುತ್ತಿ ಸುತ್ತಿ ಬಂದು ನಿಲ್ಲುವುದು ತೂಕದ ಬಳಿ. ನನ್ನ ವಾದಕ್ಕೆ ಇಷ್ಟು ಸಾಕು.

ಅದೇ 1908ರಲ್ಲಿ ಫೋರ್ಡ್ ಮಾಡೆಲ್ ಟಿ ಬಂತು. ಬೆನ್ನ ಮೇಲಿನ ಹೊರೆ ಚಕ್ರಕ್ಕೆ ಹೋಯಿತು. 1919ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಸೇರಿದ ಕಾರು ಯಾತ್ರಿಗಳು ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂದು ಸಂಘ ಕಟ್ಟಿಕೊಂಡರು. ಕಾರಿನ ಹಿಂದೆ ಎಳೆಯುವ ಮಡಿಚು ಡೇರೆಯ ಗಾಡಿಗಳು ಆಗಲೇ ಮಾರಾಟಕ್ಕಿದ್ದವು. ಅಂದರೆ ಗಟ್ಟಿ ಗೋಡೆಯ ಟ್ರೇಲರ್ ಜನಪ್ರಿಯವಾಗುವುದಕ್ಕೆ ಮುಂಚೆಯೇ ನಮ್ಮ ಪಾಪ್-ಅಪ್‌ನ ಅಜ್ಜ ರಸ್ತೆಯಲ್ಲಿದ್ದ. ದೊಡ್ಡ ಟ್ರೇಲರ್ ಹುಟ್ಟಿದ್ದೇ ಇವನ ಮೇಲಿನ ಕೋಪದಿಂದ ಎನ್ನಬೇಕು. ಡೆಟ್ರಾಯಿಟ್‌ನಲ್ಲಿ ಔಷಧಿ ಕಂಪನಿ ನಡೆಸುತ್ತಿದ್ದ ಆರ್ಥರ್ ಶೆರ್ಮನ್ 1920ರ ದಶಕದ ಕೊನೆಗೆ, ನಿಮಿಷಗಳಲ್ಲಿ ಬಿಚ್ಚಬಹುದೆಂಬ ಜಾಹೀರಾತು ನಂಬಿ ಒಂದು ಡೇರೆಗಾಡಿ ಕೊಂಡ. ಮಳೆ ಬಂತು, ಗಾಡಿ ಬಿಚ್ಚಲಾಗಲಿಲ್ಲ, ಸಂಸಾರವೆಲ್ಲ ತೊಯ್ದು ತೊಪ್ಪೆಯಾಯಿತು. ಮನೆಗೆ ಬಂದವನೇ ಮರದ ಗೋಡೆಯದೊಂದನ್ನು ಕಟ್ಟಿಸಿದ. ಮಕ್ಕಳು ಅದನ್ನು ‘ಕವರ್ಡ್ ವ್ಯಾಗನ್’, ಅಂದರೆ ನಮ್ಮ ಕಮಾನುಗಾಡಿ, ಎಂದು ಕರೆದು ನಕ್ಕರು. ಅದೇ ಹೆಸರಿನ ಕಂಪನಿ 1930ರ ದಶಕದ ನಡುವಿಗೆ ಅಮೆರಿಕದ ಅತಿ ದೊಡ್ಡ ಟ್ರೇಲರ್ ತಯಾರಕ ಸಂಸ್ಥೆಯಾಯಿತು. ಒದ್ದೆ ಡೇರೆ ಮಡಚಿ ಮನೆಗೆ ತಂದವರಿಗೆಲ್ಲ ಶೆರ್ಮನ್‌ನ ಸಂಕಟ ಗೊತ್ತು. ಆದರೆ ಹೆಚ್ಚಿನವರು ಕಾರ್ಖಾನೆ ಹಾಕುವುದಿಲ್ಲ, ಬಿಸಿಲಿಗೆ ಹರವುತ್ತಾರೆ.

ಈ ಕ್ಷೇತ್ರದಲ್ಲಿ ಪತ್ರಿಕೆ ಸುದ್ದಿ ಕೊಟ್ಟು ಸುಮ್ಮನಾದದ್ದಿಲ್ಲ, ಟ್ರೇಲರನ್ನೇ ಹೆತ್ತದ್ದುಂಟು. ಏರ್‌ಸ್ಟ್ರೀಮ್ ಸ್ಥಾಪಿಸಿದ ವಾಲಿ ಬೈಯಮ್ ಮೂಲತಃ ಪತ್ರಿಕೆಯವನು. ತನ್ನ ಪತ್ರಿಕೆಯಲ್ಲಿ ಟ್ರೇಲರ್ ಕಟ್ಟುವ ನಕ್ಷೆ ಹಾಕಿದ; ಅದರಂತೆ ಕಟ್ಟಲಾಗುತ್ತಿಲ್ಲವೆಂದು ಓದುಗರು ಬೈದು ಬರೆದರು; ತಾನೇ ಕಟ್ಟಿ ನೋಡಿದ, ಅವರು ಹೇಳಿದ್ದು ಸರಿಯಾಗಿತ್ತು. ಮುಂದೆ ತನ್ನದೇ ನಕ್ಷೆ ಬರೆದು, ಕಂಪನಿ ಕಟ್ಟಿ, 1936ರಲ್ಲಿ ಆ ಹೊಳೆಯುವ ‘ಕ್ಲಿಪ್ಪರ್’ ತಂದ. 1947ರಲ್ಲಿ ‘ಮೆಕ್ಯಾನಿಕ್ಸ್ ಇಲಸ್ಟ್ರೇಟೆಡ್’ ಕಣ್ಣೀರ ಹನಿಯಾಕಾರದ ಟಿಯರ್‌ಡ್ರಾಪ್ ಟ್ರೇಲರ್‌ನ ನಕ್ಷೆ ಅಚ್ಚು ಹಾಕಿತು. ಅದನ್ನಿಟ್ಟುಕೊಂಡು ಜನ ಕಾರ್ ಷೆಡ್ಡುಗಳಲ್ಲಿ ಪ್ಲೈವುಡ್ ಕೊಯ್ದರು. ಇಬ್ಬರು ಮಲಗುವ ಗೂಡು, ಹಿಂದಿನ ಮುಚ್ಚಳ ಎತ್ತಿದರೆ ಅಡುಗೆಮನೆ. ಈಗಿನ ‘ಹೊಸ ಅಲೆ’ಗೆ ಎಷ್ಟು ವಯಸ್ಸೆಂದು ಲೆಕ್ಕ ಹಾಕಿಕೊಳ್ಳಿ.

ಓದುಗನೇ ಕಟ್ಟುವ, ಓದುಗನೇ ತಿದ್ದುವ ಈ ಪರಂಪರೆಯನ್ನು ನಾನು ಕೈಕೆಲಸದ ಪಂಥ ಎನ್ನುತ್ತೇನೆ. ಇನ್ನೊಂದು ಕ್ಯಾಟಲಾಗ್ ಪಂಥ. ಹೊಸ ಮಾದರಿ ಬಂತು, ಸಂಪಾದಕರು ವಾರವೊಂದು ಎಳೆದು ನೋಡಿದರು, ಮೆತ್ತೆಯ ಬಣ್ಣ ಚೆನ್ನಾಗಿದೆ ಎಂದು ಬರೆದರು, ಎದುರು ಪುಟದಲ್ಲಿ ಅದೇ ಮಾದರಿಯ ಜಾಹೀರಾತು. 1941ರಿಂದ ನಡೆದುಬಂದ ‘ಟ್ರೇಲರ್ ಲೈಫ್’ನಂಥ ದೊಡ್ಡ ಪತ್ರಿಕೆಗಳಲ್ಲಿ ಎರಡೂ ಪಂಥಕ್ಕೆ ಜಾಗವಿತ್ತು, ಆದರೆ ವರ್ಷ ಕಳೆದಂತೆ ಯಾವುದು ಗೆದ್ದಿತೆಂದು ಹೇಳಬೇಕಾಗಿಲ್ಲ.

ಪಾಪ್-ಅಪ್‌ನ ಸುವರ್ಣಯುಗ ಎಂದರೆ 1950ರಿಂದ 1970ರ ದಶಕದವರೆಗೆ. ಯುದ್ಧ ಮುಗಿದು ದೋಣಿಗಳ ಕೆಲಸ ನಿಂತಾಗ, ನಾರ್ಮಂಡಿ ತೀರಕ್ಕೆ ಸೈನಿಕರನ್ನು ಮುಟ್ಟಿಸಿದ ದೋಣಿಗಳ ತಯಾರಕ ನ್ಯೂ ಆರ್ಲಿಯನ್ಸ್‌ನ ಹಿಗ್ಗಿನ್ಸ್ ಕೂಡ ಒಂದು ಡೇರೆ ಟ್ರೇಲರ್ ಮಾಡಿದ. ಮಿಷಿಗನ್‌ನ ಲಪೀರ್‌ನಲ್ಲಿ ಅಪಾಚೆ, ಓಹಾಯೋದ ಹ್ಯಾಮಿಲ್ಟನ್‌ನಲ್ಲಿ ನಿಮ್ರಾಡ್, ಪೆನ್ಸಿಲ್ವೇನಿಯಾದ ಸಾಮರ್‌ಸೆಟ್‌ನಲ್ಲಿ ಲಾಟೀನಿಗೆ ಹೆಸರಾದ ಕೋಲ್‌ಮನ್ ಕಂಪನಿಗಳು ಇಂಥ ಗಾಡಿ ಕಟ್ಟುತ್ತಿದ್ದವು. ಇಂಡಿಯಾನಾದ ಸ್ಟಾರ್‌ಕ್ರಾಫ್ಟ್‌ನಿಂದ ಹೊರಬಂದ ಲಾಯ್ಡ್ ಬಾಂಟ್ರೆಗರ್ 1968ರಲ್ಲಿ ಮಿಡಲ್‌ಬರಿಯ ತನ್ನ ಜಮೀನಿನ ಕೋಳಿಮನೆಗಳಲ್ಲಿ ಜೇಕೊ ಕಂಪನಿ ಶುರುಮಾಡಿದ. ಛಾವಣಿ ಎತ್ತುವ ಕೇಬಲ್ ವ್ಯವಸ್ಥೆಯೇ ಅವನ ಬಂಡವಾಳ. ಅದಕ್ಕೆ ಮೊದಲು ಛಾವಣಿ ಎತ್ತುವುದೆಂದರೆ ಮೂಲೆಗೊಬ್ಬರು ನಿಂತು ಚಪ್ಪರ ಏರಿಸಿದ ಹಾಗೆ. ಹಿಡಿಕೆ ಬಂದ ಮೇಲೆ ಅದು ಒಂಟಿ ಹೆಂಗಸು ಮಾಡುವ ಕೆಲಸವಾಯಿತು. ಟ್ರೇಲರ್ ಚರಿತ್ರೆಗಳು ಏರ್‌ಸ್ಟ್ರೀಮ್‌ನ ಹೊಳಪಿಗೆ ಕೊಡುವ ಪುಟಗಳಲ್ಲಿ ಹತ್ತನೆಯ ಒಂದು ಪಾಲನ್ನಾದರೂ ಈ ಹಿಡಿಕೆಗೆ ಕೊಡಬೇಕಿತ್ತು. ಡೇವಿಡ್ ಥಾರ್ನ್‌ಬರ್ಗ್ 1991ರಲ್ಲಿ ಬರೆದ ಒಳ್ಳೆಯ ಪುಸ್ತಕದ ಹೆಸರೇ ‘ಗ್ಯಾಲಪಿಂಗ್ ಬಂಗಲೋಸ್’, ನಾಗಾಲೋಟದ ಬಂಗಲೆಗಳು. ನಮ್ಮದೇ ಬಂಗಲೆ ಅಲ್ಲಿ ಹೋಗಿ ಓಡಲು ಕಲಿಯಿತು, ಸಂತೋಷ. ಆದರೆ ಗುಡಿಸಲು ಕೂಡ ಓಡುತ್ತಿತ್ತು.

ನಾನು ಬಂದದ್ದು 1990ರ ದಶಕದಲ್ಲಿ. ಆಗ ಬೀದಿಗೊಂದರಂತೆ ಪಾಪ್-ಅಪ್ ಇದ್ದವು, ಹೆಚ್ಚಿನವು ಎರಡನೆಯ ಅಥವಾ ಮೂರನೆಯ ಕೈಯವು. ನಾನು ಕೊಂಡದ್ದೂ ಅಂಥದೇ. ಸಾಧಾರಣ ಮಿನಿವ್ಯಾನ್ ಎಳೆಯಬಲ್ಲ ತೂಕ 3,500 ಪೌಂಡ್, ಸುಮಾರು 1,600 ಕಿಲೋ. ಆ ಮಿತಿಯೊಳಗೆ ನಾಲ್ಕೈದು ಜನ ಕಾಲು ಚಾಚಿ ಮಲಗುವ ಗಾಡಿ ಬೇಕೆಂದರೆ ನಮ್ಮ ಅಳವಿನಲ್ಲಿದ್ದದ್ದು ಇದೊಂದೇ. ಮ್ಯಾಕಿನಾ ಸೇತುವೆಯ ಮೇಲೆ, ಐದು ಮೈಲಿ ಉದ್ದಕ್ಕೂ ಗಾಳಿ ಬೀಸುವಾಗ, ಎತ್ತರದ ಟ್ರೇಲರ್‌ನವರು ಸ್ಟಿಯರಿಂಗ್ ಕಚ್ಚಿ ಹಿಡಿದು ಹೋಗುತ್ತಿದ್ದರೆ ನಮ್ಮ ತಗ್ಗು ಪೆಟ್ಟಿಗೆ ಅಲುಗುತ್ತಿರಲಿಲ್ಲ. ಆಚೆ ದಡದಲ್ಲಿ ಟಕ್ವಾಮೆನಾನ್ ಜಲಪಾತ. ದೇವದಾರು ಜೌಗಿನಿಂದ ಇಳಿದು ಬರುವ ನೀರು ಥೇಟ್ ಡಿಕಾಕ್ಷನ್ ಬಣ್ಣ. ರಾತ್ರಿ ಬಟ್ಟೆಯ ಗೋಡೆಯಾಚೆ ಯಾವ ಪ್ರಾಣಿ ಓಡಾಡಿದರೂ ಕೇಳುತ್ತಿತ್ತು.

ಈ ಬಟ್ಟೆಯ ಗೋಡೆಯೇ ನಮ್ಮನ್ನು ಪತ್ರಿಕೆಯ ಕಡೆ ತಳ್ಳಿದ್ದು. ಬೂಷ್ಟು ಹಿಡಿದರೆ ಏನು ಮಾಡಬೇಕು, ಜಿಪ್ ಬದಲಿಸುವುದು ಹೇಗೆ, ಮೇಣ ಯಾವುದು ಹಚ್ಚಬೇಕು, ಕೇಬಲ್ ಹರಿದರೆ ಛಾವಣಿಗೆ ಯಾವ ಅಳತೆಯ ಮರದ ಆಸರೆ ಕೊಡಬೇಕು. ಮಾರಿದ ಅಂಗಡಿಯವನು ಇದಾವುದಕ್ಕೂ ಉತ್ತರ ಕೊಡುತ್ತಿರಲಿಲ್ಲ. ಹೊಸದು ತಗೊಳ್ಳಿ ಎನ್ನುತ್ತಿದ್ದ. ಆ ಸಣ್ಣ ಪತ್ರಿಕೆ ಉತ್ತರ ಕೊಡುತ್ತಿತ್ತು, ಅದೂ ನಮ್ಮಂಥವರಿಂದಲೇ ಬರೆಸಿ. ಪ್ಲಾಸ್ಟಿಕ್ ಛಾವಣಿಗಳು ಬಿರುಕು ಬಿಡತೊಡಗಿದಾಗ ತೇಪೆ ಹಾಕುವ ಬಗೆಯನ್ನು ನಿವೃತ್ತ ಮೇಷ್ಟ್ರೊಬ್ಬರು ಚಿತ್ರ ಬರೆದು ವಿವರಿಸಿದ್ದರು. ಭಾಷೆ ಒರಟು, ಅಚ್ಚು ಸಾಧಾರಣ. ಆದರೆ ನೆಸ್ಮಕ್‌ನ ನಿಜವಾದ ವಾರಸುದಾರರು ಅವರೇ ಎಂದು ನನ್ನ ತೀರ್ಮಾನ.

ಆಮೇಲಿನದು ಚಿಕ್ಕ ಕಥೆ. 1989ರಲ್ಲೇ ಕೋಲ್‌ಮನ್ ಟ್ರೇಲರ್ ವಿಭಾಗವನ್ನು ಫ್ಲೀಟ್‌ವುಡ್ ಕೊಂಡಿತ್ತು. 2008ರ ಆರ್ಥಿಕ ಕುಸಿತದಲ್ಲಿ ಸಾಮರ್‌ಸೆಟ್ ಕಾರ್ಖಾನೆ ಮತ್ತೆ ಕೈಬದಲಾಯಿತು, 2011ರಲ್ಲಿ ಮುಚ್ಚಿತು. ಪಾಪ್-ಅಪ್‌ನಿಂದಲೇ ಬೆಳೆದ ಜೇಕೊ ಕೂಡ ಕಡೆಗೆ ಅದನ್ನು ಕೈಬಿಟ್ಟಿತು. ತಯಾರಕರಿಲ್ಲದಿದ್ದರೆ ಜಾಹೀರಾತಿಲ್ಲ, ಇಪ್ಪತ್ತು ವರ್ಷದ ಹಳೆ ಗಾಡಿಗೆ ತೇಪೆ ಹಾಕುವ ಓದುಗರಿಂದ ಪತ್ರಿಕೆಗೆ ಬರುವುದು ಚಂದಾ ಮಾತ್ರ. ಎಂಬತ್ತು ವರ್ಷ ಬಾಳಿದ ‘ಟ್ರೇಲರ್ ಲೈಫ್’ ಕೂಡ 2022ರಲ್ಲಿ ಇನ್ನೊಂದು ಪತ್ರಿಕೆಯೊಂದಿಗೆ ಸೇರಿ ಹೆಸರು ಕಳೆದುಕೊಂಡ ಕಾಲದಲ್ಲಿ, ನಮ್ಮ ಪತ್ರಿಕೆ ಬಾಗಿಲು ಹಾಕದೆ ಅಗಲಿಸಿತು ಎಂಬುದನ್ನೇ ನಾನು ಮೆಚ್ಚುತ್ತೇನೆ.

ಅಷ್ಟಕ್ಕೂ ಹೊಸದಾಗಿ ಒಳಬಂದವರು ಯಾರು? ವಿನ್ನಿಪೆಗ್‌ನ ರೇ ಒಲೆಕೊ 1968ರಲ್ಲಿ, ಜೇಕೊ ಹುಟ್ಟಿದ ವರ್ಷವೇ, ಫೈಬರ್‌ಗ್ಲಾಸ್ ಸೆಪ್ಟಿಕ್ ಟ್ಯಾಂಕ್ ಮಾಡಿ ಕಲಿತ ವಿದ್ಯೆಯಿಂದ ತಯಾರಿಸಿದ ಮೊಟ್ಟೆಯಾಕಾರದ ಬೋಲರ್. ಅದರ ಹಾದಿಯಲ್ಲಿ ಬಂದ ಮಿನ್ನೆಸೋಟದ ಸ್ಕ್ಯಾಂಪ್, ಟೆಕ್ಸಾಸ್‌ನ ಕಸೀಟ. ರಾಲ್ಫ್ ಟೇಟ್‌ನ ಎ-ಲೈನರ್, ಅದು ಮಡಚಿದರೆ ಪೆಟ್ಟಿಗೆ, ಎತ್ತಿದರೆ ಹೆಂಚಿನ ಮನೆಯ ಮಾಡು. ಓಹಾಯೋದ ಹೈ-ಲೋ, ಅದರ ಮೇಲರ್ಧ ಕೆಳಗಿನರ್ಧವನ್ನು ಮುಚ್ಚಿಕೊಂಡು ಇಳಿದು ಕೂರುತ್ತಿತ್ತು. ಇವೆಲ್ಲ ನಮ್ಮ ಪಕ್ಕದ ಸೈಟಿನಲ್ಲೇ ನಿಂತಿದ್ದವು. ತೂಕ ಅದೇ, ಎಳೆಯುವ ಕಾರು ಅದೇ, ಜೇಬು ಹೆಚ್ಚು ಕಮ್ಮಿ ಅದೇ. ಪಾಪ್-ಅಪ್ ಬೇರೆ, ಉಳಿದವು ಬೇರೆ ಎಂದು ಗೆರೆ ಎಳೆದದ್ದು ಮಾರಾಟದ ಅಂಗಡಿ. ಪತ್ರಿಕೆ ಆ ಗೆರೆಯನ್ನು ತನ್ನ ಬೇಲಿ ಎಂದುಕೊಂಡಿತ್ತು.

ಕ್ಯಾಂಪ್‌ಗ್ರೌಂಡಿಗೆ ಮಾತ್ರ ಬೇರೆಯದೇ ಗೆರೆಗಳಿವೆ. ಕಾರುಗಳು ಹರಿದು ಮರದ ಬೇರಿನ ಮೇಲಿನ ಮಣ್ಣು ಗಟ್ಟಿಯಾಗಿ ಮರ ಸಾಯುವುದನ್ನು ಕಂಡ ಸಸ್ಯರೋಗತಜ್ಞ ಇ.ಪಿ. ಮೈನಿಕೆ, 1930ರ ದಶಕದ ಆರಂಭದಲ್ಲಿ ಏಕಮುಖ ಸುತ್ತುರಸ್ತೆ, ಅದಕ್ಕೆ ಓರೆಯಾಗಿ ಕಾರು ನಿಲ್ಲಿಸುವ ಗಿಡ್ಡ ಕವಲು, ಪಕ್ಕದಲ್ಲಿ ಮೇಜು, ಒಲೆ ಎಂಬ ವಿನ್ಯಾಸ ಹಾಕಿಕೊಟ್ಟ. ಅಮೆರಿಕದ ಹಳೆಯ ಕ್ಯಾಂಪ್‌ಗ್ರೌಂಡುಗಳು ಇಂದಿಗೂ ಅದೇ ರೂಪದಲ್ಲಿವೆ, ಆ ಕವಲುಗಳಿಗೆ ಮೂವತ್ತೈದು ಅಡಿಯ ಟ್ರೇಲರ್ ಹಿಡಿಸುವುದಿಲ್ಲ. ನಮಗೂ ಒಂದು ಗೆರೆಯುಂಟು: ಯೆಲ್ಲೋಸ್ಟೋನ್‌ನ ಫಿಷಿಂಗ್ ಬ್ರಿಜ್‌ನಲ್ಲಿ ಕರಡಿಗಳಿರುವುದರಿಂದ ಬಟ್ಟೆ ಗೋಡೆಯವರಿಗೆ ಪ್ರವೇಶವಿಲ್ಲ. ಅಗಲಗೊಂಡ ಪತ್ರಿಕೆ ಅಂಗಡಿಯ ಗೆರೆ ಬಿಟ್ಟು ಇಂಥವನ್ನು ಹಿಡಿದರೆ ಹತ್ತು ವರ್ಷಕ್ಕಾಗುವಷ್ಟು ಬರೆಯಲಿದೆ.

ಬರೆಯದೆ ಉಳಿದದ್ದು ಇನ್ನೂ ಒಂದಿದೆ. 1936, ಏರ್‌ಸ್ಟ್ರೀಮ್ ಕ್ಲಿಪ್ಪರ್ ಬಂದ ವರ್ಷ, ವಿಕ್ಟರ್ ಗ್ರೀನ್ ಎಂಬ ನ್ಯೂಯಾರ್ಕಿನ ಅಂಚೆಯವನು ಕಪ್ಪು ಪ್ರಯಾಣಿಕರು ಎಲ್ಲಿ ಇಳಿದುಕೊಳ್ಳಬಹುದೆಂಬ ‘ಗ್ರೀನ್ ಬುಕ್’ ಅಚ್ಚು ಹಾಕಿಸಿದ. ಶೆನಂಡೋವಾ ರಾಷ್ಟ್ರೀಯ ಉದ್ಯಾನದಲ್ಲಿ 1939ರಲ್ಲಿ ತೆರೆದ ಲೂಯಿಸ್ ಮೌಂಟನ್ ಕಪ್ಪು ಜನರಿಗೆಂದೇ ಬೇರೆ ಮಾಡಿದ ತಾಣ. ಟೆರೆನ್ಸ್ ಯಂಗ್ 2017ರ ತಮ್ಮ ಕ್ಯಾಂಪಿಂಗ್ ಚರಿತ್ರೆಯಲ್ಲಿ ಈ ಭೇದದ ಕಥೆ ಬರೆದಿದ್ದಾರೆ. ನನ್ನ ಅಟ್ಟದ ಮೇಲಿರುವ ಹಳೆ ಕ್ಯಾಂಪಿಂಗ್ ಪತ್ರಿಕೆಗಳ ಕಟ್ಟಿನಲ್ಲಿ ಅದರ ಸುಳಿವೇ ಇಲ್ಲ. ಮುಖಪುಟದಲ್ಲಿ ಒಂದೇ ಸಂಸಾರ: ಅಪ್ಪ, ಅಮ್ಮ, ಎರಡು ಮಕ್ಕಳು, ಒಂದು ನಾಯಿ, ಬಾಣಲೆಯಲ್ಲಿ ಮೀನು. ಈಗ ಮಿಷಿಗನ್‌ನ ಲಡಿಂಗ್‌ಟನ್‌ನಲ್ಲಿ ಸರೋವರದ ದಂಡೆಯ ಮೇಲೆ ಬೇಸಗೆಯ ಶನಿವಾರ ಸಂಜೆ ಒಂದು ಸುತ್ತು ಬಂದರೆ ಸ್ಪ್ಯಾನಿಷ್, ಅರಬ್ಬಿ, ತೆಲುಗು, ಗುಜರಾತಿ ಎಲ್ಲ ಕಿವಿಗೆ ಬೀಳುತ್ತವೆ. ಇಷ್ಟು ಜನರ ಅಡುಗೆಯ ಬಗ್ಗೆ ಯಾವ ಪತ್ರಿಕೆಯೂ ಒಂದು ಪುಟ ಬರೆದದ್ದನ್ನು ನಾನು ನೋಡಿಲ್ಲ.

ಅಡುಗೆ ಎಂದೆ, ಕಾರಣವುಂಟು. ನನ್ನ ಮಗ ಹೋದ ವರ್ಷ ಹಳೆಯದೊಂದು ಫೈಬರ್‌ಗ್ಲಾಸ್ ಮೊಟ್ಟೆ ಕೊಂಡ. ಬಟ್ಟೆ ಒಣಗಿಸುವ ರಗಳೆ ಇಲ್ಲ, ಮಳೆ ಬಂದರೆ ಬಾಗಿಲು ಹಾಕಿ ಮಲಗಿದರಾಯಿತು ಎಂದು ಅವನ ವಾದ. ಈಗ ಅಕ್ಕಪಕ್ಕದ ಸೈಟ್ ಹಿಡಿಯುತ್ತೇವೆ. ಆದರೆ ಮೊಟ್ಟೆಯೊಳಗೆ ಒಮ್ಮೆ ಒಗ್ಗರಣೆ ಹಾಕಿದರೆ ಮೂರು ದಿನ ಹಾಸಿಗೆಯೆಲ್ಲ ಇಂಗಿನ ವಾಸನೆ. ಪಾಪ್-ಅಪ್‌ನ ಒಲೆಯನ್ನು ಹೊರಗೋಡೆಗೆ ಸಿಕ್ಕಿಸಬಹುದು. ಹಾಗಾಗಿ ಸಂಜೆಯಾದರೆ ಸೊಸೆ ಸಾಸಿವೆ ಡಬ್ಬಿ, ಕರಿಬೇವು ಹಿಡಿದುಕೊಂಡು, “ಮಾವ, ನಿಮ್ಮ ಒಲೆ ಖಾಲಿ ಇದೆಯಾ?” ಎಂದು ನಮ್ಮ ಡೇರೆಯ ಕಡೆಗೇ ಬರುತ್ತಾಳೆ.