ಗೋಡೆಯ ಪಕ್ಕದ ಮೇಜು

1940ರ ಫೆಬ್ರವರಿ 29ರ ರಾತ್ರಿ. ಲಾಸ್ ಏಂಜಲೀಸ್ ನಗರದ ಅಂಬಾಸಡರ್ ಹೋಟೆಲು. ಅದರೊಳಗಿನ ಕೋಕೊನಟ್ ಗ್ರೋವ್ ಎಂಬ ಹಾಲಿನಲ್ಲಿ ಆಸ್ಕರ್ ಪ್ರಶಸ್ತಿಯ ಸಮಾರಂಭ. ‘ಗಾನ್ ವಿತ್ ದಿ ವಿಂಡ್’ ಚಿತ್ರದ ಬಿಳಿಯರು ಒಂದು ಕಡೆ ಕೂತಿದ್ದಾರೆ. ಅದೇ ಚಿತ್ರದಲ್ಲಿ ಪಾರ್ಟು ಮಾಡಿ ಅವತ್ತೇ ಪ್ರಶಸ್ತಿ ಪಡೆಯಲಿದ್ದ ಒಬ್ಬ ಕಪ್ಪು ಹೆಂಗಸು ಮಾತ್ರ ದೂರದ ಗೋಡೆಯ ಪಕ್ಕದ ಸಣ್ಣ ಮೇಜಿನಲ್ಲಿ, ಜೊತೆಗೆ ಬಂದ ಇಬ್ಬರೊಂದಿಗೆ ಕೂತಿದ್ದಾಳೆ. ಆಕೆಯ ಹೆಸರು ಹ್ಯಾಟಿ ಮೆಕ್‌ಡ್ಯಾನಿಯಲ್.

ಆ ಹೋಟೆಲು ಕಪ್ಪು ಜನರನ್ನು ಅತಿಥಿಗಳಾಗಿ ಒಳಗೆ ಬಿಡುತ್ತಿರಲಿಲ್ಲ. ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಹೋಟೆಲಿನವರನ್ನು ಕೇಳಿಕೊಂಡು ಒಪ್ಪಿಸಬೇಕಾಯಿತು. ಅಂದರೆ ಪ್ರಶಸ್ತಿ ಗೆದ್ದವಳಿಗೂ ಬಾಗಿಲಲ್ಲಿ ಶಿಫಾರಸು ಬೇಕಾಗಿತ್ತು. ಹೆಸರು ಕೂಗಿದರು. ಆಕೆ ಎದ್ದು ಆ ಗೋಡೆಯಿಂದ ವೇದಿಕೆಯತನಕ ನಡೆದು ಹೋದಳು. ತನ್ನ ಜನಾಂಗಕ್ಕೂ ಚಿತ್ರರಂಗಕ್ಕೂ ಹೆಸರು ತರುವವಳಾಗಬೇಕೆಂಬ ಅರ್ಥದ ನಾಲ್ಕು ಮಾತಾಡಿ ಕಣ್ಣೀರಿನಲ್ಲಿ ಕೆಳಗಿಳಿದಳು. ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆ ಆಕೆ.

ಗೆಳೆಯರೆ, ಈ ಕತೆಯನ್ನು ಎರಡು ಥರ ಹೇಳುವುದುಂಟು. ‘ನೋಡಿ, ಪ್ರತಿಭೆ ಇದ್ದರೆ ಯಾರು ಬೇಕಾದರೂ ಮೇಲೆ ಬರಬಹುದು’ ಅಂತ ಒಂದು. ‘ಬಿಳಿಯರ ಆಳಿನ ಪಾರ್ಟು ಮಾಡಿ ತನ್ನ ಜನಕ್ಕೆ ದ್ರೋಹ ಬಗೆದವಳು’ ಅಂತ ಇನ್ನೊಂದು. ಎರಡೂ ಕತೆಗಳು ಆ ಗೋಡೆಯ ಪಕ್ಕದ ಮೇಜನ್ನು ಬಿಟ್ಟುಬಿಡುತ್ತವೆ. ಆ ಮೇಜನ್ನು ಅಲ್ಲಿಗೆ ತಂದು ಹಾಕಿದ ಕೈ ಯಾವುದು ಎಂಬುದೇ ಚರಿತ್ರೆ ಕೇಳಬೇಕಾದ ಪ್ರಶ್ನೆ.

ಹ್ಯಾಟಿ ಹುಟ್ಟಿದ್ದು 1890ರ ದಶಕದಲ್ಲಿ, ಕಾನ್ಸಾಸ್ ರಾಜ್ಯದ ವಿಚಿಟಾದಲ್ಲಿ. ಹದಿಮೂರು ಮಕ್ಕಳಲ್ಲಿ ಕೊನೆಯವಳು. ಅಪ್ಪ ಹೆನ್ರಿ, ಅವ್ವ ಸೂಸನ್ ಇಬ್ಬರೂ ಗುಲಾಮರಾಗಿ ಹುಟ್ಟಿದವರು. ಗುಲಾಮಗಿರಿ ಉಳಿಯಬೇಕೋ ಅಳಿಯಬೇಕೋ ಎಂದು 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಅಪ್ಪ ಉತ್ತರದ ಸೈನ್ಯ ಸೇರಿ ಗಾಯಗೊಂಡ. ದೇಶಕ್ಕಾಗಿ ರಕ್ತ ಕೊಟ್ಟ ಆ ಮನುಷ್ಯ ಪಿಂಚಣಿಗಾಗಿ ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದ. ಸಂಸಾರ ಕೊಲೊರಾಡೊ ರಾಜ್ಯಕ್ಕೆ ಗುಳೆ ಹೋಯಿತು. ಡೆನ್ವರಿನಲ್ಲಿ ಹುಡುಗಿ ಶಾಲೆಗೆ ಹೋದಳು, ಪದ್ಯ ವಾಚಿಸಿ ಪದಕ ಗೆದ್ದಳು. ಅಣ್ಣಂದಿರ ಜೊತೆ ಮೇಳ ಕಟ್ಟಿ ಊರೂರು ತಿರುಗಿದಳು. 1914ರಲ್ಲಿ ಅಕ್ಕ ಎಟಾಳ ಜೊತೆ ಸೇರಿ ಹೆಂಗಸರದೇ ಒಂದು ಮೇಳ ನಡೆಸಿದಳು.

ಈ ಮೇಳಗಳ ಹುಟ್ಟೇ ಒಂದು ಅವಮಾನದ ಕತೆ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಪೆದ್ದರ ಹಾಗೆ, ಸೋಮಾರಿಗಳ ಹಾಗೆ ಅಣಕಿಸಿ ನಗಿಸುತ್ತಿದ್ದ ಆಟ ಅದು. ಆಮೇಲೆ ಕಪ್ಪು ಕಲಾವಿದರೂ ಹೊಟ್ಟೆಪಾಡಿಗೆ ಅದೇ ಆಟಕ್ಕೆ ಇಳಿಯಬೇಕಾಯಿತು. ತಮ್ಮ ಮುಖವನ್ನು ತಾವೇ ಅಣಕಿಸಿಕೊಂಡರೆ ಮಾತ್ರ ಚಪ್ಪಾಳೆ.

1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. ನಾಟಕ ಮಂಡಳಿಗಳು ಬಾಗಿಲು ಹಾಕಿದವು. ಹ್ಯಾಟಿಗೆ ಮಿಲ್ವಾಕಿ ನಗರದ ಒಂದು ಕ್ಲಬ್ಬಿನಲ್ಲಿ ಸಿಕ್ಕಿದ್ದು ಹೆಂಗಸರ ಕಕ್ಕಸು ನೋಡಿಕೊಳ್ಳುವ ಕೆಲಸ. ಹಾಡಬಲ್ಲ ಗಂಟಲಿದ್ದರೂ ವೇದಿಕೆ ಬಿಳಿಯರದಾಗಿತ್ತು. ಕಡೆಗೊಂದು ದಿನ ಹಾಡಲು ಅವಕಾಶ ಸಿಕ್ಕಿತು, ಜನ ಮೆಚ್ಚಿದರು. 1931ರಲ್ಲಿ ಆಕೆ ಲಾಸ್ ಏಂಜಲೀಸಿಗೆ ಹೋದಳು. ರೇಡಿಯೋದಲ್ಲಿ ಪಾರ್ಟು, ಸಿನಿಮಾದಲ್ಲಿ ಗುಂಪಿನಲ್ಲೊಬ್ಬಳು. ಅದು ಹೊಟ್ಟೆಗೆ ಸಾಲದೆ ಕಂಡವರ ಮನೆಯಲ್ಲಿ ಅಡುಗೆ, ಬಟ್ಟೆ ಒಗೆಯುವ ಕೆಲಸ. ಬೆಳಿಗ್ಗೆ ನಿಜವಾದ ಆಳು, ಮಧ್ಯಾಹ್ನ ಕ್ಯಾಮೆರಾ ಮುಂದೆ ಆಳು.

1934ರಲ್ಲಿ ‘ಜಡ್ಜ್ ಪ್ರೀಸ್ಟ್’, 1935ರಲ್ಲಿ ‘ಆಲಿಸ್ ಆಡಮ್ಸ್’, 1936ರಲ್ಲಿ ಪಾಲ್ ರಾಬ್ಸನ್ ಜೊತೆ ‘ಶೋ ಬೋಟ್’. ಆಕೆ ಚಿತ್ರದ ಮೇಲೆ ಚಿತ್ರ ಮಾಡಿದಳು. ಬಹುಪಾಲು ಅಡುಗೆಯವಳು, ಮನೆಗೆಲಸದವಳು, ದಾದಿ. ಯಾಕೆ? ಕಪ್ಪು ಹೆಂಗಸು ವಕೀಲೆಯಾಗಿ, ಟೀಚರಾಗಿ ತೆರೆಯ ಮೇಲೆ ಬಂದರೆ ದಕ್ಷಿಣ ರಾಜ್ಯಗಳ ಬಿಳಿಯರು ಮುನಿಸಿಕೊಳ್ಳುತ್ತಾರೆ, ಟಿಕೆಟ್ ಹೋಗುವುದಿಲ್ಲ ಎಂಬ ಅಂಜಿಕೆ ಕಂಪನಿಗಳಿಗಿತ್ತು. 1934ರಿಂದ ಬಿಗಿಯಾಗಿ ಜಾರಿಗೆ ಬಂದ ಚಿತ್ರರಂಗದ ನೀತಿಸಂಹಿತೆ ಕಪ್ಪು ಬಿಳಿಯರ ನಡುವಿನ ಪ್ರೇಮವನ್ನು ತೋರಿಸಕೂಡದು ಅಂತ ಕಟ್ಟಳೆ ಹಾಕಿತ್ತು. ಪ್ರೀತಿಸುವ ಹಾಗಿಲ್ಲ, ಅಧಿಕಾರ ನಡೆಸುವ ಹಾಗಿಲ್ಲ. ಉಳಿದದ್ದು ಅಡುಗೆ ಮನೆ.

‘ಗಾನ್ ವಿತ್ ದಿ ವಿಂಡ್’ ಮಾರ್ಗರೆಟ್ ಮಿಚೆಲ್ 1936ರಲ್ಲಿ ಪ್ರಕಟಿಸಿದ ಕಾದಂಬರಿ. ಹತ್ತಿ ತೋಟದ ಧಣಿಗಳ ವೈಭವ ಅಳಿದುಹೋಯಿತಲ್ಲಾ ಅಂತ ಕಣ್ಣೀರು ಹಾಕುವ ಪುಸ್ತಕ. ಅದರಲ್ಲಿ ಗುಲಾಮರು ಧಣಿಯನ್ನು ಬಿಟ್ಟು ಹೋಗಲಾರದಷ್ಟು ಪ್ರೀತಿಸುತ್ತಾರೆ! ಚಾಟಿ ತಿಂದ ಬೆನ್ನು ಕಾಣುವುದಿಲ್ಲ, ಸಂತೆಯಲ್ಲಿ ಮಾರಿಹೋದ ಮಗು ಕಾಣುವುದಿಲ್ಲ. ಚಿತ್ರ ತಯಾರಾಗುವಾಗಲೇ ಕಪ್ಪು ಜನರ ಪತ್ರಿಕೆಗಳು, ಎನ್‌ಎಎಸಿಪಿ ಎಂಬ ಹಕ್ಕಿನ ಸಂಘಟನೆ ಪ್ರತಿಭಟಿಸಿದವು. ಅದರ ಫಲವಾಗಿ ಕಪ್ಪು ಜನರನ್ನು ಹೀನಾಯವಾಗಿ ಕರೆಯುವ ಬೈಗುಳವನ್ನು ಸಂಭಾಷಣೆಯಿಂದ ತೆಗೆದರು. ಕತೆ ಮಾತ್ರ ಹಾಗೇ ಉಳಿಯಿತು. ಹ್ಯಾಟಿಯ ಪಾತ್ರಕ್ಕೆ ಒಂದು ಹೆಸರೂ ಇಲ್ಲ, ಬರೀ ‘ಮ್ಯಾಮಿ’, ದಾದಿ. ಆದರೂ ಆಕೆ ಆ ಪಾತ್ರದಲ್ಲಿ ಧಣಿಯ ಮಗಳನ್ನು ಗದರುತ್ತಾಳೆ, ದಿಟ್ಟಿಸಿ ನೋಡುತ್ತಾಳೆ. ಬರೆದವರು ಕೊಡದೆ ಇದ್ದ ಘನತೆಯನ್ನು ಕಣ್ಣಿನಲ್ಲೇ ತುಂಬಿದ್ದಾಳೆ.

1939ರ ಡಿಸೆಂಬರ್ 15ರಂದು ಅಟ್ಲಾಂಟಾದಲ್ಲಿ ಮೊದಲ ಪ್ರದರ್ಶನ. ಜಾರ್ಜಿಯಾ ರಾಜ್ಯದಲ್ಲಿ ಕಪ್ಪು ಬಿಳಿಯರು ಒಟ್ಟಿಗೆ ಕೂರುವಂತಿಲ್ಲ. ಚಿತ್ರದ ಕಪ್ಪು ಕಲಾವಿದರು ಯಾರೂ ಹೋಗಲಿಲ್ಲ. ಹಂಚುವ ಕಾರ್ಯಕ್ರಮ ಪತ್ರಿಕೆಯಿಂದ ಹ್ಯಾಟಿಯ ಚಿತ್ರವನ್ನೂ ತೆಗೆದುಹಾಕಿದರು. ಹಿಂದಿನ ರಾತ್ರಿ ಬಿಳಿಯರಿಗೆ ಮಾತ್ರ ಮೀಸಲಾದ ಒಂದು ಔತಣಕೂಟ ಇತ್ತು. ಅಲ್ಲಿ ಹಾಡಲು ಎಬನೇಜರ್ ಬ್ಯಾಪ್ಟಿಸ್ಟ್ ಚರ್ಚಿನ ಕಪ್ಪು ಗಾಯಕರನ್ನು ಗುಲಾಮರ ವೇಷ ಹಾಕಿಸಿ ನಿಲ್ಲಿಸಿದ್ದರು. ಆ ಗುಂಪಿನಲ್ಲಿ ಹತ್ತು ವರ್ಷದ ಹುಡುಗನೊಬ್ಬನಿದ್ದ. ಅವನ ಹೆಸರು ಮಾರ್ಟಿನ್ ಲೂಥರ್ ಕಿಂಗ್. ಆ ವೇಷ ಕಳಚಿದ ಹುಡುಗ ಮುಂದೆ ಏನಾದ ಎಂಬುದು ಜಗತ್ತಿಗೆ ಗೊತ್ತು.

ಪ್ರಶಸ್ತಿ ಬಂದ ಮೇಲೆ ಹ್ಯಾಟಿಗೆ ದೊಡ್ಡ ಪಾತ್ರಗಳು ಬಂದವೆ? ಇಲ್ಲ. ಅದೇ ಸೆರಗು, ಅದೇ ತಲೆವಸ್ತ್ರ. 1942ರಲ್ಲಿ ಎನ್‌ಎಎಸಿಪಿಯ ವಾಲ್ಟರ್ ವೈಟ್ ಹಾಲಿವುಡ್ಡಿಗೆ ಬಂದು, ಕಪ್ಪು ಜನರನ್ನು ಬರೀ ಆಳುಗಳಾಗಿ ತೋರಿಸುವುದನ್ನು ನಿಲ್ಲಿಸಿ ಅಂತ ಕಂಪನಿಗಳನ್ನು ಒತ್ತಾಯಿಸಿದರು. (ಬಾಬಾಸಾಹೇಬ್ ಅಂಬೇಡ್ಕರ್ 1946ರಲ್ಲಿ ಪತ್ರ ಬರೆದದ್ದು ಇದೇ ಸಂಘಟನೆಯಲ್ಲಿ ಕೆಲಸ ಮಾಡುತ್ತಿದ್ದ ಡು ಬಾಯ್ಸ್ ಅವರಿಗೆ.) ವೈಟ್ ಅವರ ಬೇಡಿಕೆ ಸರಿಯಾದದ್ದೇ. ಆದರೆ ಅದರ ಏಟು ಬಿದ್ದದ್ದು ಕತೆ ಬರೆಸಿದ ಧಣಿಗಳ ಮೇಲಲ್ಲ, ಆಳಿನ ಪಾರ್ಟಿನಿಂದ ಬದುಕುತ್ತಿದ್ದ ಕಲಾವಿದರ ಮೇಲೆ. ವಾರಕ್ಕೆ ಏಳು ಡಾಲರಿಗೆ ಆಳಾಗಿ ದುಡಿಯುವುದಕ್ಕಿಂತ ಏಳುನೂರು ಡಾಲರಿಗೆ ಆಳಿನ ಪಾರ್ಟು ಮಾಡುವುದೇ ವಾಸಿ ಎಂಬ ಅರ್ಥದ ಮಾತು ಹ್ಯಾಟಿಯದೆಂದು ಪ್ರಸಿದ್ಧವಾಗಿದೆ.

ಈ ಮಾತನ್ನು ಮೊದಲು ಓದಿದಾಗ ನನಗೆ ಸಿಟ್ಟು ಬಂದಿತ್ತು. ಕಾಲೇಜು ಮೆಟ್ಟಿಲು ಹತ್ತಿದವನ ಸಿಟ್ಟು. ಆಮೇಲೆ ನಮ್ಮವ್ವ ನೆನಪಾದಳು. ಅವಳು ಕಸಮುಸುರೆ ಮಾಡುತ್ತಿದ್ದ ಮನೆಯ ಹಿತ್ತಲ ಗೂಡಿನಲ್ಲಿ ಅವಳದೇ ಬೇರೆ ಲೋಟ ಇರುತ್ತಿತ್ತು. ‘ಯಾಕವ್ವಾ ಅದರಲ್ಲಿ ಕುಡೀತಿಯ’ ಅಂತ ಕೇಳಿದ್ದೆ. ‘ನಿನ್ನ ಫೀಜು ಕಟ್ಟೋರ್ಯಾರಪ್ಪ’ ಅಂದಿದ್ದಳು. ಆ ಲೋಟದ ನೀರು ಕುಡಿದು ನನ್ನನ್ನು ಓದಿಸಿದವಳ ಮುಂದೆ ನಾನು ಸ್ವಾಭಿಮಾನದ ಭಾಷಣ ಬಿಗಿಯಲೆ? ಲೋಟ ಒಡೆಯಬೇಕು, ನಿಜ. ಆದರೆ ಕೇಳಬೇಕಾದ್ದು ಲೋಟ ಇಟ್ಟವರನ್ನು, ಕುಡಿದವಳನ್ನಲ್ಲ.

ಹ್ಯಾಟಿ ಬರೀ ತಲೆಬಾಗಿದವಳೂ ಅಲ್ಲ. ಲಾಸ್ ಏಂಜಲೀಸಿನ ಶುಗರ್ ಹಿಲ್ ಎಂಬ ಬಡಾವಣೆಯಲ್ಲಿ ಆಕೆ ದೊಡ್ಡ ಮನೆ ಕೊಂಡಳು. ಕಪ್ಪು ಜನರಿಗೆ ಮನೆ ಮಾರಕೂಡದು ಅಂತ ಅಲ್ಲಿನ ಜಮೀನು ಪತ್ರಗಳಲ್ಲೇ ಕರಾರಿತ್ತು. ನಮ್ಮ ಕಡೆ ಕೇರಿಯನ್ನು ಊರಾಚೆ ಇಡಲು ಬಾಯಿಮಾತೇ ಸಾಕು, ಅಲ್ಲಿ ರಿಜಿಸ್ಟರು ಮಾಡಿಸಿದ್ದರು, ಅಷ್ಟೆ. ನೆರೆಯ ಬಿಳಿಯರು ಕೋರ್ಟಿಗೆ ಹೋದರು. ಹ್ಯಾಟಿ, ಈಥೆಲ್ ವಾಟರ್ಸ್, ಲೂಯಿಸ್ ಬೀವರ್ಸ್ ಮತ್ತಿತರ ಕಪ್ಪು ನಿವಾಸಿಗಳು ಒಟ್ಟಾಗಿ ನಿಂತರು. ಕಪ್ಪು ವಕೀಲ ಲಾರೆನ್ ಮಿಲ್ಲರ್ ವಾದಿಸಿದರು. 1945ರ ಡಿಸೆಂಬರಿನಲ್ಲಿ ನ್ಯಾಯಾಧೀಶ ಥರ್ಮಂಡ್ ಕ್ಲಾರ್ಕ್, ಸಂವಿಧಾನದ 14ನೇ ತಿದ್ದುಪಡಿ ಕೊಟ್ಟ ಸಮಾನತೆಯನ್ನು ಎತ್ತಿಹಿಡಿದು ದಾವೆಯನ್ನು ವಜಾ ಮಾಡಿದರು. ಇಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲವೆಂದು 1948ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ತೆರೆಯ ಮೇಲೆ ಧಣಿಯ ಮನೆ ಗುಡಿಸಿದವಳು ತೆರೆಯ ಹೊರಗೆ ಸ್ವಂತ ಮನೆಯ ಬಾಗಿಲಲ್ಲಿ ನಿಂತು ಗೆದ್ದಳು.

‘ಬ್ಯೂಲಾ’ ಎಂಬ ರೇಡಿಯೋ ನಾಟಕದ ನಾಯಕಿ ಒಬ್ಬ ಕಪ್ಪು ಕೆಲಸದಾಕೆ. ಆ ಕೆಲಸದಾಕೆಯ ದನಿಯನ್ನೂ ಮೊದಲು ಬಿಳಿಯ ಗಂಡಸರೇ ಮಾಡುತ್ತಿದ್ದರು! 1947ರಲ್ಲಿ ಆ ಪಾತ್ರ ಹ್ಯಾಟಿಗೆ ಬಂತು. ಅಣಕದ ಭಾಷೆಯಲ್ಲಿ ಮಾತಾಡುವುದಿಲ್ಲ ಅಂತ ಆಕೆ ಹಟ ಹಿಡಿದಳು, ಅದು ನಡೆಯಿತು. 1951ರಲ್ಲಿ ಟೆಲಿವಿಷನ್ನಿನಲ್ಲೂ ಅದೇ ಪಾತ್ರ. ಕೆಲವೇ ಕಂತುಗಳಾಗುವಷ್ಟರಲ್ಲಿ ಕಾಯಿಲೆ ಬಿದ್ದಳು. ಸ್ತನದ ಕ್ಯಾನ್ಸರಿನಿಂದ 1952ರ ಅಕ್ಟೋಬರ್ 26ರಂದು ತೀರಿಕೊಂಡಳು.

ಹಾಲಿವುಡ್ ಸ್ಮಶಾನದಲ್ಲಿ ಮಣ್ಣಾಗಬೇಕೆಂಬುದು ಆಕೆಯ ಕೊನೆಯ ಆಸೆ. ಕಪ್ಪು ಜನಕ್ಕೆ ಅಲ್ಲಿ ಜಾಗವಿಲ್ಲ ಅಂದರು. ಬೇರೆ ಸ್ಮಶಾನದಲ್ಲಿ ಹೂಳಬೇಕಾಯಿತು. ಸತ್ತವರಿಗೂ ಬೇರೆ ಮಸಣ ಇಟ್ಟವರಿಗೆ ಸಮುದ್ರದ ಆಚೆ ಈಚೆ ಅಂತ ಭೇದವಿಲ್ಲ. ಆ ಹಾಲಿವುಡ್ ಸ್ಮಶಾನದಲ್ಲಿ 1999ರಲ್ಲಿ ಆಕೆಯ ನೆನಪಿಗೆ ಒಂದು ಕಲ್ಲು ನಿಲ್ಲಿಸಿದರು. ಹೆಣಕ್ಕೆ ಸಿಗದ ಜಾಗ ಹೆಸರಿಗೆ ಸಿಗಲು 47 ವರ್ಷ ಬೇಕಾಯಿತು. ಕಪ್ಪು ಜನರ ವಿದ್ಯಾಕೇಂದ್ರವಾದ ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಆಕೆ ಬಿಟ್ಟುಹೋದ ಆಸ್ಕರ್ ಕಳೆದುಹೋಗಿತ್ತು. 2023ರಲ್ಲಿ ಅಕಾಡೆಮಿ ಅದರ ಬದಲಿಗೆ ಹೊಸದೊಂದನ್ನು ಮಾಡಿಸಿಕೊಟ್ಟಿತು. ನಟನೆಗೆ ಆಸ್ಕರ್ ಪಡೆದ ಎರಡನೆಯ ಕಪ್ಪು ಹೆಂಗಸು ವೂಪಿ ಗೋಲ್ಡ್‌ಬರ್ಗ್. ಅದು 1991ರಲ್ಲಿ. ನಡುವೆ 51 ವರ್ಷ! ಒಬ್ಬಳು ಒಳಗೆ ಹೋದರೆ ಬಾಗಿಲು ತೆರೆಯಿತು ಅಂತ ಅರ್ಥವಲ್ಲ.

ಈಗಲೂ ನಮ್ಮಲ್ಲಿ ಒಬ್ಬರನ್ನು ಕರೆದು ಸನ್ಮಾನಿಸಿ ಶಾಲು ಹೊದಿಸುತ್ತಾರೆ. ಶಾಲು ಹೊದೆಯುವುದು ತಪ್ಪಲ್ಲ. ಆದರೆ ಊಟಕ್ಕೆ ಎಲ್ಲಿ ಕೂರಿಸಿದರು, ಅವತ್ತಿನ ಕತೆ ಬರೆದವರು ಯಾರು ಅಂತ ನೋಡಿಕೊಂಡು ಬನ್ನಿ. ಹ್ಯಾಟಿ ಬೇರೆಯವರು ಬರೆದ ಕತೆಯಲ್ಲಿ ತನ್ನ ಜೀವ ತೇಯ್ದಳು. ಪೆನ್ನು ಈಗ ನಮ್ಮ ಕೈಗೆ ಬಂದಿದೆ. ಕತೆಯನ್ನು ಬರೆಯೋಣ, ಮೊದಲ ಪುಟದಲ್ಲೇ ಆ ಮೇಜನ್ನು ಗೋಡೆಯಿಂದ ಈಚೆಗೆ ಎಳೆಯೋಣ.