ಸಮಾಜಘಾತುಕ ಚಟುವಟಿಕೆಗಳ ತಡೆ: ಗ್ರಾಮಸಭೆಯ ಪಾತ್ರ

ಅಕ್ರಮ ಮದ್ಯ ಮಾರಾಟ, ಮಟಕಾ ಜೂಜು ಮೊದಲಾದವು ಕುಟುಂಬಗಳ ದುಡಿಮೆಯನ್ನೂ ಗ್ರಾಮದ ನೆಮ್ಮದಿಯನ್ನೂ ಕೆಡಿಸುತ್ತವೆ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧಿಸಲಾಗಿದೆ. ಪರವಾನಗಿಯಿಲ್ಲದೆ ಮದ್ಯ ಮಾರುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರನ್ವಯ ಅಪರಾಧ.

ಬಂಧನ ಹಾಗೂ ಜಪ್ತಿಯ ಅಧಿಕಾರ ಗ್ರಾಮ ಪಂಚಾಯತಿಗಿಲ್ಲ. ಅದು ಪೊಲೀಸ್ ಮತ್ತು ಅಬಕಾರಿ ಇಲಾಖೆಗಳದು. ಆದರೆ ಕಲಘಟಗಿ ತಾಲ್ಲೂಕಿನ ದುಮ್ಮವಾಡದಂತಹ, ಎಲ್ಲರೂ ಪರಸ್ಪರ ಪರಿಚಿತರಾಗಿರುವ ಊರುಗಳಲ್ಲಿ ಒಬ್ಬರೇ ದೂರು ನೀಡಲು ಅಂಜುವುದು ಸಹಜ. ಅದೇ ದೂರು ಗ್ರಾಮಸಭೆಯಲ್ಲಿ ನಿರ್ಣಯವಾದಾಗ ಇಡೀ ಊರಿನ ಬೇಡಿಕೆಯಾಗುತ್ತದೆ.

ಸಾರ್ವಜನಿಕರು ಮಾಡಬೇಕಾದುದು:
1. ವಾರ್ಡ್ ಸಭೆಯಲ್ಲಿ ವಿಷಯ ಮಂಡಿಸುವುದು.
2. ವರ್ಷಕ್ಕೆ ಕನಿಷ್ಠ 2 ಬಾರಿ ನಡೆಯುವ ಗ್ರಾಮಸಭೆಯಲ್ಲಿ ನಿರ್ಣಯ ದಾಖಲಿಸುವುದು. ಸ್ವಸಹಾಯ ಸಂಘಗಳ ಮಹಿಳೆಯರು ತಪ್ಪದೆ ಭಾಗವಹಿಸುವುದು.
3. ನಿರ್ಣಯದ ಪ್ರತಿಯನ್ನು ಎರಡೂ ಇಲಾಖೆಗಳಿಗೆ ಕಳುಹಿಸಲು ಪಂಚಾಯತಿಯನ್ನು ಕೋರುವುದು.
4. ಕತ್ತಲಿರುವೆಡೆ ಬೀದಿದೀಪ ಅಳವಡಿಸಲು ಮನವಿ ಸಲ್ಲಿಸುವುದು.

ತುರ್ತು ಸಂದರ್ಭಗಳಲ್ಲಿ ಸಭೆಗಾಗಿ ಕಾಯದೆ 112ಕ್ಕೆ ಕರೆ ಮಾಡಬೇಕು. ಯಾರೂ ಕಾನೂನನ್ನು ಕೈಗೆತ್ತಿಕೊಳ್ಳಬಾರದು.