ಆಟಕ್ಕೆ ಮುನ್ನ ವೈದ್ಯರ ನೋಟ

ಶಾಲಾ ಕ್ರೀಡಾಕೂಟಗಳಿಗೆ ಮುನ್ನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ವೈದ್ಯರು ಪರೀಕ್ಷಿಸುವುದುಂಟು. ಎತ್ತರ, ತೂಕ, ಕಣ್ಣು, ಎದೆ. ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುವ ಈ ಕೆಲಸವನ್ನು ಮಕ್ಕಳೂ ಮೇಷ್ಟರೂ ಒಂದು ಶಾಸ್ತ್ರವೆಂದೇ ಭಾವಿಸುತ್ತಾರೆ. ಕಾಗದದ ಮೇಲೆ ಸಹಿ, ಮೊಹರು ಬಿದ್ದರೆ ಆಯಿತು. ಆದರೆ ಆ ಕೆಲವು ನಿಮಿಷಗಳ ಹಿಂದೆ ಎರಡೂವರೆ ಶತಮಾನಗಳ ಕಥೆಯಿದೆ. ಅದರಲ್ಲಿ ಹೆಂಡದ ಪೀಪಾಯಿಯೂ ಇದೆ, ಯುದ್ಧವೂ ಇದೆ.

ಎದೆಯ ಮೇಲೆ ಬೆರಳಿಟ್ಟು ತಟ್ಟಿ ನೋಡುವ ವಿಧಾನವನ್ನೇ ತೆಗೆದುಕೊಳ್ಳಿ. ಇದನ್ನು 1761ರಲ್ಲಿ ಲೋಕಕ್ಕೆ ತಿಳಿಸಿದವನು ಆಸ್ಟ್ರಿಯಾದ ವೈದ್ಯ ಲಿಯೋಪೋಲ್ಡ್ ಔಎನ್‌ಬ್ರುಗರ್. ಆತ ಛತ್ರ ನಡೆಸುತ್ತಿದ್ದವನ ಮಗ. ಪೀಪಾಯಿಯಲ್ಲಿ ಮದ್ಯ ಎಷ್ಟಿದೆಯೆಂದು ಅಪ್ಪ ತಟ್ಟಿ ತಿಳಿಯುತ್ತಿದ್ದುದನ್ನು ನೋಡಿ ಅವನಿಗೆ ಈ ಉಪಾಯ ಹೊಳೆಯಿತು ಎನ್ನುತ್ತಾರೆ. ಸ್ಟೆತಾಸ್ಕೋಪ್ ಬಂದದ್ದು 1816ರಲ್ಲಿ. ಪ್ಯಾರಿಸ್‌ನ ವೈದ್ಯ ರೆನೆ ಲೆನೆಕ್ ಯುವತಿಯೊಬ್ಬಳ ಎದೆಗೆ ನೇರವಾಗಿ ಕಿವಿ ಇಡಲು ಸಂಕೋಚಪಟ್ಟು ಕಾಗದವನ್ನು ಕೊಳವೆಯಂತೆ ಸುತ್ತಿ ಆಲಿಸಿದ. ಕಿವಿ ಇಟ್ಟು ಕೇಳುವುದಕ್ಕಿಂತ ಸ್ಪಷ್ಟವಾಗಿ ಕೇಳಿಸಿತು! ಗೋಡೆಗೆ ತೂಗುಹಾಕುವ, ಕೆಳಗೆ ಹೋದಂತೆ ಅಕ್ಷರ ಚಿಕ್ಕದಾಗುವ ಕಣ್ಣಿನ ಪಟ್ಟಿ ಹಾಲೆಂಡಿನ ಸ್ನೆಲೆನ್‌ನದು, 1862ರದು. ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡುವ ಕ್ರಮ ಇಟಲಿಯ ರಿವಾ-ರೋಚಿಯಿಂದ 1896ರಲ್ಲಿ ಬಂತು.

ಇವೆಲ್ಲ ರೋಗಿಗಳಿಗಾಗಿ ಹುಟ್ಟಿದ ಉಪಕರಣಗಳು. ಗಟ್ಟಿಮುಟ್ಟಾಗಿ ಓಡಾಡುವ ಹುಡುಗರನ್ನು ಪರೀಕ್ಷಿಸಬೇಕೆಂಬ ಯೋಚನೆ ಬಂದದ್ದು ಹೇಗೆ?

ಒಂದು ಕಾರಣ ಭಯ. 1867ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಎಫ್.ಸಿ. ಸ್ಕೀ ‘ದಿ ಟೈಮ್ಸ್’ ಪತ್ರಿಕೆಗೆ ಪತ್ರ ಬರೆದು, ಆಕ್ಸ್‌ಫರ್ಡ್–ಕೇಂಬ್ರಿಜ್ ದೋಣಿ ಸ್ಪರ್ಧೆ ಯುವಕರ ಆರೋಗ್ಯವನ್ನು ಹಾಳುಮಾಡುತ್ತಿದೆ ಎಂದು ಆಕ್ಷೇಪಿಸಿದರು. ಸ್ವತಃ ಹುಟ್ಟು ಹಾಕಿದ್ದ ಮ್ಯಾಂಚೆಸ್ಟರ್‌ನ ವೈದ್ಯ ಜಾನ್ ಮಾರ್ಗನ್ ಸುಮ್ಮನೆ ಕೂರಲಿಲ್ಲ. 1829ರಿಂದ 1869ರವರೆಗೆ ಆ ಸ್ಪರ್ಧೆಯಲ್ಲಿದ್ದ 294 ಮಂದಿಯ ಬದುಕನ್ನು ಬೆನ್ನಟ್ಟಿ, ಅವರು ಸಾಮಾನ್ಯ ಲೆಕ್ಕಕ್ಕಿಂತ ಸುಮಾರು ಎರಡು ವರ್ಷ ಹೆಚ್ಚೇ ಬದುಕುತ್ತಾರೆಂದು 1873ರಲ್ಲಿ ಪ್ರಕಟಿಸಿದ. ಆದರೂ ಆತಂಕ ಹೋಗಲಿಲ್ಲ. 1899ರಲ್ಲಿ ಸ್ವೀಡನ್ನಿನ ಹೆನ್ಷೆನ್ ಹಿಮದಲ್ಲಿ ಸ್ಕೀ ಓಡುವವರ ಎದೆಯನ್ನು ಬರಿಯ ಬೆರಳಿನಿಂದ ತಟ್ಟಿಯೇ ಅವರ ಹೃದಯ ದೊಡ್ಡದಾಗಿದೆಯೆಂದು ಕಂಡುಕೊಂಡ. ಅದು ರೋಗವೋ ಅಥವಾ ದುಡಿಮೆಗೆ ತಕ್ಕ ಬೆಳವಣಿಗೆಯೋ? ಬಹುಪಾಲು ಬೆಳವಣಿಗೆಯೇ ಎಂದು ಇಂದು ಗೊತ್ತು. ಆದರೆ ಎರಡನ್ನೂ ಬೇರ್ಪಡಿಸುವುದು ಇಂದಿಗೂ ಕೆಲವೊಮ್ಮೆ ಕಷ್ಟವೇ.

ಇನ್ನೊಂದು ಕಾರಣ ಯುದ್ಧ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ಹೊತ್ತಿಗೆ (1899–1902) ಸೈನ್ಯಕ್ಕೆ ಸೇರಲು ಬಂದ ಬ್ರಿಟನ್ನಿನ ಬಡ ಯುವಕರಲ್ಲಿ ಬಹಳಷ್ಟು ಮಂದಿ ದೈಹಿಕ ಪರೀಕ್ಷೆಯಲ್ಲಿ ತಿರಸ್ಕೃತರಾದರು. ಕುಳ್ಳು ದೇಹ, ಹುಳುಕು ಹಲ್ಲು, ಸೊರಗಿದ ಎದೆ. ಸಾಮ್ರಾಜ್ಯಕ್ಕೆ ಗಾಬರಿಯಾಯಿತು. ತನಿಖಾ ಸಮಿತಿ 1904ರಲ್ಲಿ ವರದಿ ಕೊಟ್ಟಿತು. 1906ರಲ್ಲಿ ಶಾಲಾ ಊಟದ ಕಾಯಿದೆ ಬಂತು, 1907ರ ಕಾಯಿದೆ ಶಾಲಾಮಕ್ಕಳ ವೈದ್ಯಕೀಯ ತಪಾಸಣೆಯನ್ನು ಕಡ್ಡಾಯಗೊಳಿಸಿತು. ಮಕ್ಕಳ ಮೇಲಿನ ಪ್ರೀತಿಗಿಂತ ಮುಂದಿನ ಸೈನಿಕರ ಚಿಂತೆಯೇ ಇಲ್ಲಿ ಹೆಚ್ಚಾಗಿತ್ತು ಎಂದರೆ ತಪ್ಪಾಗದು. ಲಾಭ ಮಾತ್ರ ಮಕ್ಕಳದು.

ಭಾರತದಲ್ಲಿ ಶಾಲಾಮಕ್ಕಳ ಆರೋಗ್ಯ ತಪಾಸಣೆ ಮೊದಲು ನಡೆದದ್ದು 1909ರಲ್ಲಿ, ಬರೋಡಾ ನಗರದಲ್ಲಿ. ಸಯಾಜಿರಾವ್ ಗಾಯಕವಾಡರು ತಮ್ಮ ಸಂಸ್ಥಾನದಲ್ಲಿ ಕಡ್ಡಾಯ ಶಿಕ್ಷಣ ಜಾರಿಗೆ ತಂದ ಕೆಲವೇ ವರ್ಷಗಳಲ್ಲಿ. ಬ್ರಿಟನ್ನಿಗಿಂತ ನಾವೇನೂ ಹಿಂದಿರಲಿಲ್ಲ ಎಂದು ಹೆಮ್ಮೆಪಡಬಹುದು, ಆದರೆ ಆರಂಭ ಆರಂಭವಾಗಿಯೇ ಉಳಿಯಿತು. ದೇಶದಲ್ಲಿ ಶಾಲಾ ಆರೋಗ್ಯ ಸೇವೆ ಇಲ್ಲವೆಂದೇ ಹೇಳಬಹುದು ಎಂದು 1946ರಲ್ಲಿ ಭೋರ್ ಸಮಿತಿ ಬರೆಯಬೇಕಾಯಿತು. 1960ರಲ್ಲಿ ರೇಣುಕಾ ರೇ ಅವರ ಸಮಿತಿ ನೇಮಕವಾಯಿತು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಂಡಗಳು ಅಂಗನವಾಡಿ, ಶಾಲೆಗಳಿಗೇ ಹೋಗಿ ನೋಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂದದ್ದು 2013ರಲ್ಲಿ.

ಸಾಮಾನ್ಯ ತಪಾಸಣೆಯೇ ಬೇರೆ, ಕ್ರೀಡಾಪಟುವಿನ ತಪಾಸಣೆಯೇ ಬೇರೆ. ಎರಡನೆಯದರ ಮಹತ್ವ ತಿಳಿಯಲು ಅಮೆರಿಕದ ವಾಲಿಬಾಲ್ ತಾರೆ ಫ್ಲೋ ಹೈಮನ್ ಕಥೆ ಸಾಕು. ಆರಡಿ ಐದಂಗುಲ ಎತ್ತರದ ಆಕೆ 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡದಲ್ಲಿದ್ದಳು. 1986ರ ಜನವರಿ 24ರಂದು ಜಪಾನಿನ ಮತ್ಸುಎಯಲ್ಲಿ ಪಂದ್ಯದ ನಡುವೆ ಬೆಂಚಿನಲ್ಲಿ ಕುಳಿತಿದ್ದಾಗ ಕುಸಿದು ಸತ್ತಳು. ವಯಸ್ಸು 31. ಮೊದಲು ಹೃದಯಾಘಾತವೆಂದರು. ಮರಣೋತ್ತರ ಪರೀಕ್ಷೆಯಲ್ಲಿ ತಿಳಿದದ್ದು ಬೇರೆ: ಮಾರ್ಫಾನ್ ಸಿಂಡ್ರೋಮ್ ಎಂಬ ಹುಟ್ಟುದೋಷದಿಂದ ಹೃದಯದಿಂದ ಹೊರಡುವ ಮಹಾಪಧಮನಿ ಒಡೆದಿತ್ತು. ಈ ದೋಷವಿರುವವರು ಎತ್ತರವಾಗಿ ತೆಳ್ಳಗೆ ಬೆಳೆಯುತ್ತಾರೆ, ಚಾಚಿದ ತೋಳುಗಳ ಅಳತೆ ಎತ್ತರವನ್ನು ಮೀರುತ್ತದೆ, ಬೆರಳುಗಳು ನೀಳ. ವಾಲಿಬಾಲ್, ಬ್ಯಾಸ್ಕೆಟ್‌ಬಾಲ್ ತರಬೇತುದಾರರು ಹುಡುಕುವುದೂ ಇಂಥ ಮೈಕಟ್ಟನ್ನೇ! ಆಕೆಯ ಸಾವಿನ ನಂತರ ತಮ್ಮನನ್ನು ಪರೀಕ್ಷಿಸಿದಾಗ ಅವನಲ್ಲೂ ಅದೇ ದೋಷ ಕಂಡಿತು, ಶಸ್ತ್ರಚಿಕಿತ್ಸೆಯಾಯಿತು.

‘ನಿಮ್ಮ ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರಾ?’ ಎಂದು ವೈದ್ಯರು ಕೇಳುವುದು ಇದಕ್ಕಾಗಿಯೇ. ಓಡುವಾಗ ತಲೆಸುತ್ತಿ ಬಿದ್ದದ್ದುಂಟೇ, ಎದೆ ನೋವುಂಟೇ ಎಂಬುವೂ ಅಷ್ಟೇ ಮುಖ್ಯ. ಮಲಗಿಸಿ, ನಿಲ್ಲಿಸಿ, ಕುಕ್ಕರುಗಾಲಲ್ಲಿ ಕೂರಿಸಿ ಎದೆಯ ಸದ್ದು ಕೇಳುವುದಕ್ಕೂ ಅರ್ಥವಿದೆ: ಹೃದಯದ ಸ್ನಾಯು ಅಸಹಜವಾಗಿ ದಪ್ಪಗಾಗುವ ಕಾಯಿಲೆಯಲ್ಲಿ ಬರುವ ಮರ್ಮರ ಶಬ್ದ ನಿಂತಾಗ ಜೋರಾಗುತ್ತದೆ, ಕುಕ್ಕರಿಸಿದಾಗ ತಗ್ಗುತ್ತದೆ. ಬಾತುಕೋಳಿಯಂತೆ ನಡೆಸುವುದು ಮಂಡಿ, ಸೊಂಟ, ಪಾದದ ಕೀಲು ನೋಡಲು. ಕೆಳರೆಪ್ಪೆ ಎಳೆದು ನೋಡುವುದು ರಕ್ತಹೀನತೆಗಾಗಿ. ನಮ್ಮ ದೇಶದ ಮಟ್ಟಿಗೆ ಇದನ್ನು ಹಗುರವಾಗಿ ಕಾಣುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 19ರ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಬೇಗ ಸುಸ್ತಾಗುವ ಹುಡುಗಿಗೆ ‘ಸೋಮಾರಿ’ ಎಂಬ ಹೆಸರು ಕಟ್ಟುವ ಮೊದಲು ಆ ರೆಪ್ಪೆಯನ್ನೊಮ್ಮೆ ನೋಡಬೇಕು.

ತಂಡದಿಂದ ಹೊರಹಾಕಿಯಾರೆಂದು ಮಕ್ಕಳು ಬಾಯಿ ಬಿಡದಿರುವುದೇ ದೊಡ್ಡ ತೊಡಕು. ಆದ್ದರಿಂದ ಪ್ರಶ್ನಾವಳಿಯನ್ನು ಮನೆಯಲ್ಲಿ ಅಪ್ಪ-ಅಮ್ಮ, ಸಾಧ್ಯವಾದರೆ ಅಜ್ಜಿಯ ಜೊತೆ ಕುಳಿತು ತುಂಬುವುದು ವಾಸಿ. ಯಾವ ಚಿಕ್ಕಪ್ಪ ಹೇಗೆ ಹೋದರೆಂಬುದು ಅಜ್ಜಿಗೇ ಚೆನ್ನಾಗಿ ನೆನಪಿರುತ್ತದೆ.

ಇಸಿಜಿಯನ್ನೂ ತೆಗೆಯಬೇಕೇ ಎಂಬ ಬಗ್ಗೆ ವೈದ್ಯಲೋಕದಲ್ಲಿ ಒಮ್ಮತವಿಲ್ಲ. ಇಟಲಿ 1982ರಿಂದ ಸ್ಪರ್ಧಾತ್ಮಕ ಕ್ರೀಡಾಪಟುಗಳಿಗೆ ಅದನ್ನು ಕಡ್ಡಾಯ ಮಾಡಿತು. ವೆನೆಟೊ ಪ್ರಾಂತದಲ್ಲಿ ಯುವ ಕ್ರೀಡಾಪಟುಗಳ ಹಠಾತ್ ಸಾವು ಲಕ್ಷಕ್ಕೆ 3.6ರಿಂದ 0.4ಕ್ಕೆ ಇಳಿಯಿತೆಂದು 2006ರಲ್ಲಿ ವರದಿಯಾಯಿತು. ಇಸ್ರೇಲ್ 1997ರಲ್ಲಿ ಅದೇ ದಾರಿ ಹಿಡಿದರೂ ಅಂಥ ಇಳಿಕೆ ಕಾಣಲಿಲ್ಲವೆಂದು 2011ರ ಅಧ್ಯಯನ ಹೇಳಿತು. ಅಮೆರಿಕದ ಹೃದ್ರೋಗ ಸಂಘ ನಂಬಿರುವುದು 14 ಅಂಶಗಳ ಪ್ರಶ್ನೆ ಮತ್ತು ಪರೀಕ್ಷೆಯನ್ನು. ಇಂಗ್ಲೆಂಡಿನ 11,168 ಹದಿಹರೆಯದ ಫುಟ್‌ಬಾಲ್ ಆಟಗಾರರಿಗೆ ಇಸಿಜಿಯ ಜೊತೆ ಎಕೊ ಪರೀಕ್ಷೆಯನ್ನೂ ಮಾಡಿ 42 ಮಂದಿಯಲ್ಲಿ ಅಪಾಯಕಾರಿ ದೋಷ ಪತ್ತೆ ಮಾಡಿದರು. ಮುಂದೆ ಹೃದಯದ ಕಾಯಿಲೆಯಿಂದ ಹಠಾತ್ತನೆ ಸತ್ತ ಎಂಟು ಮಂದಿಯಲ್ಲಿ ಆರು ಮಂದಿಯ ಪರೀಕ್ಷೆ ‘ಸರಿ’ ಎಂದೇ ಬಂದಿತ್ತು.

ಎಂದರೆ ಸಹಿ ಬಿದ್ದ ಕಾಗದ ರಕ್ಷಾಕವಚವಲ್ಲ. ಮೈದಾನದಲ್ಲೂ ಸಿದ್ಧತೆ ಬೇಕು. ಬೆಂಗಳೂರಿಗೆ ಇದರ ಕಹಿ ನೆನಪಿದೆ. 2004ರ ಡಿಸೆಂಬರ್ 5ರಂದು ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್‌ನಲ್ಲಿ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ತನ್ನ ಎರಡನೆಯ ಗೋಲು ಹೊಡೆಯುತ್ತಲೇ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದ, ಬದುಕಿ ಏಳಲಿಲ್ಲ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕಿನ ಕ್ರಿಸ್ಟಿಯನ್ ಎರಿಕ್ಸನ್ ಹೃದಯವೂ ನಿಂತಿತ್ತು. ಎದೆ ಒತ್ತುವವರೂ ವಿದ್ಯುದಾಘಾತ ಕೊಡುವ ಯಂತ್ರವೂ ಮೈದಾನದ ಪಕ್ಕದಲ್ಲೇ ಇದ್ದುದರಿಂದ ಆತ ಉಳಿದ. ಎದೆಯೊಳಗೆ ಪುಟ್ಟ ಉಪಕರಣವೊಂದನ್ನು ಅಳವಡಿಸಿದರು. ಅಂಥ ಉಪಕರಣವಿರುವವರು ಆಡುವಂತಿಲ್ಲವೆಂದು ಇಟಲಿಯ ನಿಯಮ ಅಡ್ಡಬಂತು. ಇಂಗ್ಲೆಂಡಿನಲ್ಲಿ ಅಂಥ ತಡೆಯಿರಲಿಲ್ಲ. 2022ರಲ್ಲಿ ಆತ ಬ್ರೆಂಟ್‌ಫರ್ಡ್ ತಂಡ ಸೇರಿ ಮತ್ತೆ ಮೈದಾನಕ್ಕಿಳಿದ, 2024ರ ಯೂರೋ ಕಪ್‌ನಲ್ಲಿ ಗೋಲನ್ನೂ ಹೊಡೆದ.